ತಮ್ಮನ ಹೆಪಟೈಟಿಸ್ ಸಿ ಚಿಕಿತ್ಸೆ: ಅಲೆದದ್ದು ಮೂರು ಜಾಗ, ಒಂದಕ್ಕೆ ನಾಲ್ಕು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಯಾವ ಆಸ್ಪತ್ರೆಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಹೆಸರಿಲ್ಲದ ರಿವ್ಯೂ ಯಾಕೆ ಅಂತ ಕೆಲವರು ಕೇಳಬಹುದು. ಕೊಡಗಿನವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಬಸ್ಸಲ್ಲಿ ಪಕ್ಕ ಕೂತವರು ಮೊದಲು ಊರು ಕೇಳುತ್ತಾರೆ, ಆಮೇಲೆ ಯಾರ ಮನೆಯವರು ಅಂತ ಕೇಳುತ್ತಾರೆ, ಅಷ್ಟು ಹೇಳಿದರೆ ಸಾಕು, ನಮ್ಮ ಅತ್ತೆ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ ಅನ್ನುವುದನ್ನು ಅವರೇ ನಮಗೆ ಹೇಳುತ್ತಾರೆ. ಆಸ್ಪತ್ರೆ ಹೆಸರು, ವಾರ, ತಿಂಗಳು ಬರೆದರೆ ನನ್ನ ತಮ್ಮ ಯಾರು ಅಂತ ಸಂಜೆಯೊಳಗೆ ಗೊತ್ತಾಗುತ್ತದೆ. ಆದ್ದರಿಂದ ಜಾಗದ ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಬರೆಯುತ್ತೇನೆ. ತಮ್ಮನಿಗೆ ಓದಿ ಹೇಳಿದ್ದೇನೆ, ಅವನು ಹಾಕು ಅಂದಿದ್ದಾನೆ.

ಸಿರಿಂಜಿನಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವ, ಅಥವಾ ಹಿಂದೆ ಚುಚ್ಚಿಕೊಳ್ಳುತ್ತಿದ್ದ ಮಗನೋ ಅಣ್ಣನೋ ಗಂಡನೋ ನಿಮ್ಮ ಮನೆಯಲ್ಲಿದ್ದು, ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ (ರಕ್ತದಿಂದ ಹರಡಿ ಲಿವರ್ ಹಾಳು ಮಾಡುವ ವೈರಸ್ ಕಾಯಿಲೆ) ಅಂತ ಬಂದಿದ್ದರೆ ಇದು ನಿಮಗೆ. ನಿಮಗೇ ಬಂದಿದ್ದರೆ ಇನ್ನೂ ನಿಮಗೆ.

ತಮ್ಮನಿಗೆ ಈಗ 29. ಪಿಕಪ್ ಓಡಿಸುತ್ತಿದ್ದ, ಕಾಫಿ ಮೂಟೆ, ಗೊಬ್ಬರ, ಶುಂಠಿ, ಸಿಕ್ಕಿದ ಬಾಡಿಗೆ. ಒಂದು ಜುಲೈ ಮಳೆಯಲ್ಲಿ ಸುಂಟಿಕೊಪ್ಪದ ಹತ್ತಿರದ ತಿರುವಿನಲ್ಲಿ ಗಾಡಿ ಜಾರಿ ಚರಂಡಿಗೆ ಇಳಿಯಿತು, ತೊಡೆಯ ಮೂಳೆ ಮುರಿಯಿತು, ಒಳಗೆ ರಾಡ್ ಹಾಕಿದರು. ನೋವಿನ ಮಾತ್ರೆ ಚೀಟಿಯಲ್ಲಿ ಹತ್ತು ದಿನ ಅಂತ ಇತ್ತು. ಅವನು ಹತ್ತು ತಿಂಗಳು ನುಂಗಿದ. ಮನೆಯಲ್ಲಿ ಕೂತು ಕೂತು ಮಂಕಾಗಿದ್ದ, ನಾವು ಕಾಲು ನೋವು ಅಂದುಕೊಂಡೆವು. ಮಾತ್ರೆಯಿಂದ ಸಿರಿಂಜಿಗೆ ಯಾವಾಗ ಹೋದ ಅನ್ನುವುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ನಾಲ್ಕು ಜನ ಹುಡುಗರು, ತೋಟದ ಕೆಲಸದವರಿಗೆ ಕಟ್ಟಿದ, ಈಗ ಯಾರೂ ಇಲ್ಲದ ಒಂದು ಹಳೇ ಲೈನ್ ಮನೆ, ನಾಲ್ವರಿಗೂ ಸೇರಿ ಒಂದು ಸಿರಿಂಜು, ಒಂದು ಲೋಟ ನೀರು. ಆ ನೀರು, ಹತ್ತಿ, ಚಮಚ, ಇವುಗಳಿಂದಲೂ ವೈರಸ್ ಹರಡುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ಸೂಜಿ ತೊಳೆದರೆ ಸಾಕು ಅಂದುಕೊಂಡಿದ್ದರು.

ರಾಡ್ ತೆಗೆಸಲು ಹೋದಾಗ ಆಪರೇಷನ್‌ಗೆ ಮುಂಚೆ ಮಾಮೂಲಿ ಮಾಡುವ ರಕ್ತ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಆ ರಿಪೋರ್ಟನ್ನು ಅವನು ಪಿಕಪ್ಪಿನ ಡ್ಯಾಶ್‌ಬೋರ್ಡ್ ಒಳಗೆ ಏಳು ತಿಂಗಳು ಇಟ್ಟಿದ್ದ. ಇನ್ಶೂರೆನ್ಸ್ ಕಾಗದ ಹುಡುಕುವಾಗ ನನ್ನ ಕೈಗೆ ಬಂತು. ಯಾಕೋ ಹೇಳಲಿಲ್ಲ ಅಂತ ಕೇಳಿದೆ. "ಸಾಯಕ್ಕೆ ಒಂದು ದಾರಿ ತಾನಾಗೇ ಸಿಕ್ತು ಅನ್ಕೊಂಡೆ ಅಕ್ಕ" ಅಂದ. ಅಳುತ್ತಲೂ ಇರಲಿಲ್ಲ, ಗಾಡಿಗೆ ಡೀಸೆಲ್ ಹಾಕಿಸಬೇಕು ಅನ್ನುವ ಹಾಗೆ ಹೇಳಿದ.

ನನಗೆ ಆ ದಿನ ಅರ್ಥ ಆದದ್ದು ಇಷ್ಟು. ಲಿವರ್‌ಗೆ ಔಷಧಿ ಹುಡುಕುವುದು ಎರಡನೇ ಕೆಲಸ. ಔಷಧಿ ಬೇಡ ಅನ್ನುತ್ತಿರುವ ಮನಸ್ಸನ್ನು ಮೊದಲು ಯಾರಾದರೂ ಮುಟ್ಟಬೇಕು. ಅದನ್ನು ಯಾವ ಜಾಗದವರು ಮುಟ್ಟಿದರು, ಯಾವ ಜಾಗದವರು ಮುಟ್ಟಲಿಲ್ಲ ಅನ್ನುವುದೇ ಈ ರಿವ್ಯೂ.

ಮೊದಲ ಜಾಗ ಒಂದು ಖಾಸಗಿ ಆಸ್ಪತ್ರೆ. ಸ್ವಚ್ಛವಾಗಿತ್ತು, ಕುರ್ಚಿ ಚೆನ್ನಾಗಿತ್ತು. ಹೊಟ್ಟೆ ಡಾಕ್ಟರು ರಿಪೋರ್ಟ್ ನೋಡಿ, ತೋಳಿನ ಗುರುತು ನೋಡಿ, "ಮೊದಲು ಚಟ ಬಿಡಲಿ, ಆರು ತಿಂಗಳು ಕ್ಲೀನ್ ಆಗಿರಲಿ, ಆಮೇಲೆ ಲಿವರ್ ನೋಡೋಣ" ಅಂದರು. ಅವನ ಜೊತೆ ಮಾತಾಡಲಿಲ್ಲ, ನನಗೆ ಹೇಳಿದರು, ಅವನು ಪಕ್ಕದಲ್ಲೇ ಕೂತಿದ್ದ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಮನೋವೈದ್ಯರು ಇದ್ದರು. ಅಲ್ಲಿಗೆ ಹೋದರೆ "ಲಿವರ್ ತೊಂದರೆ ಇದೆಯಲ್ಲ, ನಮ್ಮ ಮಾತ್ರೆ ಕೊಡೋದು ಕಷ್ಟ, ಮೊದಲು ಅದನ್ನು ವಾಸಿ ಮಾಡಿಸಿಕೊಂಡು ಬನ್ನಿ" ಅಂದರು. ಕೆಳಗಿನವರು ಮೇಲೆ ಕಳಿಸಿದರು, ಮೇಲಿನವರು ಕೆಳಗೆ ಕಳಿಸಿದರು. ಲಿಫ್ಟಿನಲ್ಲಿ ಇಳಿಯುವಾಗ ತಮ್ಮ "ನೋಡಿದ್ಯಾ, ಯಾರಿಗೂ ಬೇಡ" ಅಂದ. ಆ ಮಾತು ಅವನ ತಲೆಯಲ್ಲಿ ತಿಂಗಳುಗಟ್ಟಲೆ ಕೂತಿತು.

ಈ ಆರು ತಿಂಗಳ ಲೆಕ್ಕ ಎಲ್ಲಿಂದ ಬಂತು ಅನ್ನುವುದನ್ನು ಮೂರನೇ ಜಾಗದ ಡಾಕ್ಟರು ಆಮೇಲೆ ವಿವರಿಸಿದರು. 1989ರಲ್ಲಿ ಈ ವೈರಸ್ ಪತ್ತೆಯಾಯಿತು. ಬಹಳ ವರ್ಷ ಇದಕ್ಕೆ ಇದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರಿಬಾವಿರಿನ್ ಮಾತ್ರೆ, ಆರು ತಿಂಗಳಿಂದ ಒಂದು ವರ್ಷ. ಜ್ವರ, ಮೈಕೈ ನೋವು ಬಿಡಿ, ಆ ಇಂಜೆಕ್ಷನ್ನೇ ಎಷ್ಟೋ ಜನರನ್ನು ಖಿನ್ನತೆಗೆ ದೂಡುತ್ತಿತ್ತು, ಸಾಯುವ ಯೋಚನೆ ಬರಿಸುತ್ತಿತ್ತು. ಹಾಗಾಗಿ ಮೊದಲೇ ಖಿನ್ನತೆ ಇದ್ದವರಿಗೆ ಕೊಡಲು ಡಾಕ್ಟರುಗಳು ಹೆದರುತ್ತಿದ್ದರು, ಆ ಹೆದರಿಕೆಗೆ ಆಗ ಕಾರಣ ಇತ್ತು. 1997ರಲ್ಲಿ ಅಮೆರಿಕದ ತಜ್ಞರ ಸಭೆಯೊಂದು, ಡ್ರಗ್ಸ್ ತೆಗೆದುಕೊಳ್ಳುತ್ತಿರುವವರು ಅದನ್ನು ಬಿಟ್ಟು ಕನಿಷ್ಠ ಆರು ತಿಂಗಳು ಆಗುವ ತನಕ ಚಿಕಿತ್ಸೆ ಮುಂದೂಡಬೇಕು ಅಂತ ಹೇಳಿತ್ತು. 2002ರಲ್ಲಿ ಅವರೇ ಅದನ್ನು ಸಡಿಲ ಮಾಡಿದರು. 2013ರ ಕೊನೆಗೆ ಸೋಫೋಸ್ಬುವಿರ್ ಅನ್ನುವ ಮಾತ್ರೆ ಬಂದ ಮೇಲೆ ಇಂಟರ್‌ಫೆರಾನ್ ಕಾಲವೇ ಮುಗಿಯಿತು. ಈಗಿನದು ಬರೀ ಮಾತ್ರೆ, ಸಾಮಾನ್ಯವಾಗಿ ಮೂರು ತಿಂಗಳು, ನೂರರಲ್ಲಿ 95ಕ್ಕಿಂತ ಜಾಸ್ತಿ ಜನರಿಗೆ ವಾಸಿ. ಮಾತ್ರೆ ಬದಲಾಗಿದೆ, ಆದರೆ ಆ ಹಳೇ ಮಾತು ಇನ್ನೂ ಕೆಲವರ ಬಾಯಲ್ಲಿ ಉಳಿದಿದೆ. ನನ್ನ ತಮ್ಮನಿಗೆ ತಗುಲಿದ್ದು ಅದೇ ಹಳೇ ಮಾತು.

ಎರಡನೇ ಜಾಗ ಒಂದು ಚಟ ಬಿಡಿಸುವ ಕೇಂದ್ರ. ಇದರ ಬಗ್ಗೆ ಬರೆಯುವುದೇ ನನಗೆ ಕಷ್ಟ. ಆರು ತಿಂಗಳು ಕ್ಲೀನ್ ಆಗಬೇಕು ಅಂದರಲ್ಲ, ಅದಕ್ಕೇ ಸಾಲ ಮಾಡಿ ಸೇರಿಸಿದ್ದು ನಾನೇ. ಹೊರಗಿಂದ ಬೀಗ. ವಾರಕ್ಕೆ ಒಂದು ಫೋನ್, ಅದೂ ಪಕ್ಕದಲ್ಲಿ ಒಬ್ಬ ನಿಂತಿರುತ್ತಿದ್ದ. ಅವನಿಗೆ ಹೆಪಟೈಟಿಸ್ ಇದೆ ಅಂತ ಗೊತ್ತಾದ ಮೇಲೆ ಅವನ ತಟ್ಟೆ ಲೋಟಕ್ಕೆ ಕೆಂಪು ಬಣ್ಣದ ಟೇಪು ಅಂಟಿಸಿದರು. ಎಲ್ಲರೂ ಒಟ್ಟಿಗೆ ಊಟ ಮಾಡುವಾಗ ಅವನೊಬ್ಬ ಮೂಲೆಯಲ್ಲಿ. ಸಿಟ್ಟು ಕಡಿಮೆಯಾಗಲಿ, ನಿದ್ದೆ ಬರಲಿ ಅಂತ ಕಾರ್ಬಮಾಜೆಪಿನ್ ಮಾತ್ರೆ ಕೊಟ್ಟರು, ಈ ಮಾತ್ರೆಯ ಹೆಸರು ನೆನಪಿಡಿ, ಮುಂದೆ ಬೇಕಾಗುತ್ತದೆ. ಹೆಪಟೈಟಿಸ್‌ಗೆ ಅಂತ ಏನೂ ಮಾಡಲಿಲ್ಲ. ಮೂರು ತಿಂಗಳಿಗೆ ಹೊರಗೆ ಬಂದ, ಒಂಬತ್ತನೇ ದಿನಕ್ಕೆ ಮತ್ತೆ ಚುಚ್ಚಿಕೊಂಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಡ್ರಗ್ಸ್ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಯೂ ಸೇರಿದೆ, ಅಂಥವರ ಕಾಯಿಲೆಯ ವಿಷಯ ಗುಟ್ಟಾಗಿ ಇಡಬೇಕು, ಗೌರವದಿಂದ ನಡೆಸಿಕೊಳ್ಳಬೇಕು ಅಂತ ಇದೆ. ನನಗೆ ಮೊದಲೇ ಗೊತ್ತಿದ್ದರೆ ಆ ಟೇಪು ನೋಡಿದ ದಿನವೇ ಅವನನ್ನು ಕರೆದುಕೊಂಡು ಬರುತ್ತಿದ್ದೆ.

ಆ ಟೇಪಿನ ಪಾಠ ಮನೆಗೂ ಬಂತು. ಅಮ್ಮ ಅವನಿಗೆ ಬೇರೆ ತಟ್ಟೆ, ಬೇರೆ ಚೊಂಬು ಇಟ್ಟರು. ಪ್ರೀತಿ ಇಲ್ಲ ಅಂತ ಅಲ್ಲ, ನನ್ನ ಮಕ್ಕಳು ಚಿಕ್ಕವು, ಹೆದರಿಕೆ. ಜೊತೆಗೆ ಕಾಮಾಲೆ ಅಂದುಕೊಂಡು ನಾಟಿ ಮದ್ದು ಬೇರೆ ತರಿಸಿದರು. ತಮ್ಮ ಹಿಂದಿನ ಜಗಲಿಯಲ್ಲಿ ಒಬ್ಬನೇ ಕೂತು ಉಣ್ಣಲು ಶುರು ಮಾಡಿದ. ಹುತ್ತರಿಗೆ ನೆಂಟರು ಬಂದಾಗ ಜ್ವರ ಅಂತ ಹೇಳಿ ಒಳಗೆ ಮಲಗಿದ್ದ. ಹೊರಗೆ ಪಟಾಕಿ ಸದ್ದು, ಒಳಗೆ ದೀಪ ಕೂಡ ಹಾಕಿರಲಿಲ್ಲ.

ಒಂದು ರಾತ್ರಿ ಎರಡು ಗಂಟೆಗೆ ಅವನ ಕೋಣೆಯಲ್ಲಿ ಮಾತು ಕೇಳಿಸಿತು. 14416ಕ್ಕೆ ಫೋನ್ ಮಾಡಿದ್ದ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ದುಡ್ಡು ಇಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಆ ಹುಡುಗಿ ಮುಕ್ಕಾಲು ಗಂಟೆ ಮಾತಾಡಿದಳಂತೆ. ಸಿರಿಂಜಿನ ವಿಷಯ ಹೇಳಿದಾಗ ಫೋನ್ ಇಡುತ್ತಾಳೆ ಅಂದುಕೊಂಡಿದ್ದನಂತೆ, ಇಡಲಿಲ್ಲ. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿದಳಂತೆ. ಹೌದು ಅಂದಿದ್ದಾನೆ. ಮನೆಯಲ್ಲಿ ಯಾರನ್ನು ಎಬ್ಬಿಸಬಹುದು ಅಂತ ಕೇಳಿದ್ದಾಳೆ. "ಅಕ್ಕ" ಅಂದಿದ್ದಾನೆ. ಬಾಗಿಲು ತಟ್ಟಿದ. ಇದಕ್ಕೆ ಸ್ಟಾರ್ ಕೊಡುವ ಹಾಗಿದ್ದರೆ ಎಷ್ಟು ಬೇಕಾದರೂ ಕೊಡುತ್ತೇನೆ. ಮೂರನೇ ಜಾಗಕ್ಕೆ ಹೋಗಿ ಅಂತ ದಾರಿ ತೋರಿಸಿದ್ದೂ ಆ ಫೋನಿನಿಂದಲೇ.

ಇನ್ನು ಮೂರನೇ ಜಾಗ. ಸರ್ಕಾರಿ ಆಸ್ಪತ್ರೆ, ನಮ್ಮ ಜಿಲ್ಲೆಯ ಹೊರಗೆ. ದೇಶದಲ್ಲಿ 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಗಿದೆ, ಅದರಲ್ಲಿ ಪರೀಕ್ಷೆಯೂ ಮಾತ್ರೆಯೂ ಪುಕ್ಕಟೆ. ಸೋಫೋಸ್ಬುವಿರ್ ಅಮೆರಿಕದಲ್ಲಿ ಮೊದಲು ಬಂದಾಗ ಒಂದು ಮಾತ್ರೆಗೆ 1,000 ಡಾಲರ್, ಪೂರ್ತಿ ಕೋರ್ಸಿಗೆ 84,000 ಡಾಲರ್ ಇತ್ತಂತೆ. ನಾವು ಕೊಟ್ಟದ್ದು ಬಸ್ ಚಾರ್ಜು ಮಾತ್ರ. ನಾನು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವಳು, ಆದ್ದರಿಂದ ಇದನ್ನು ಬರೆಯದೆ ಇರಲು ಆಗಲ್ಲ.

ಮೊದಲ ದಿನ ಬಾಗಿಲ ಹತ್ತಿರ ತಮ್ಮ ನಿಂತುಬಿಟ್ಟ. ಒಳಗೆ ಹೆಸರು ಕೂಗುತ್ತಾರೆ, ಮನೆ ಹೆಸರು ಸೇರಿಸಿ ಕೂಗುತ್ತಾರೆ, ಅಲ್ಲಿ ಮಡಿಕೇರಿ ಕಡೆಯವರು ಯಾರಾದರೂ ಇದ್ದೇ ಇರುತ್ತಾರೆ ಅಂತ. ಕೂಗಲಿಲ್ಲ. ಟೋಕನ್ ನಂಬರ್ ಕರೆದರು. ಚಿಕ್ಕ ವಿಷಯ ಅನ್ನಿಸಬಹುದು. ನನ್ನ ಪ್ರಕಾರ ಚಿಕಿತ್ಸೆ ಶುರುವಾದದ್ದು ಆ ನಂಬರಿನಿಂದ.

ಮೊದಲು ನೋಡಿದ್ದು ಡಾಕ್ಟರಲ್ಲ, ಕೌನ್ಸೆಲರ್. ಸುಮಾರು ನಲವತ್ತು ವರ್ಷದವರು, ತಮ್ಮನನ್ನು "ಬನ್ನಿ, ಕೂತ್ಕೊಳ್ಳಿ" ಅಂತ ಕರೆದರು. ಎರಡು ವರ್ಷದಲ್ಲಿ ಅವನನ್ನು ಬಹುವಚನದಲ್ಲಿ ಮಾತಾಡಿಸಿದ ಮೊದಲನೇ ಮನುಷ್ಯ ಅವರು. ಒಂದು ಹಾಳೆಯಲ್ಲಿ ಒಂಬತ್ತು ಪ್ರಶ್ನೆ ಇತ್ತು. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದೆ ಇದ್ದದ್ದು ಎಷ್ಟು ದಿನ, ನಿದ್ದೆ ಹೇಗೆ, ಹಸಿವು ಹೇಗೆ, ತಾನು ಸೋತವನು ಅನ್ನಿಸಿದ್ದು ಎಷ್ಟು ದಿನ, ಸತ್ತರೆ ಚೆನ್ನಾಗಿತ್ತು ಅನ್ನಿಸಿದೆಯಾ. ಅವನು ಒಂಬತ್ತಕ್ಕೂ ನಿಜ ಹೇಳಿದ. ಮೊದಲ ಜಾಗದ ಅನುಭವ ಇತ್ತಲ್ಲ, ಇಷ್ಟು ಹೇಳಿದ ಮೇಲೆ ವಾಪಸ್ ಕಳಿಸುತ್ತಾರೆ ಅಂತ ನಾನು ಬ್ಯಾಗ್ ಹಿಡಿದುಕೊಂಡೇ ಕೂತಿದ್ದೆ. ಅವರು ಹಾಳೆ ಮಡಚಿ "ಖಿನ್ನತೆ ಇದೆ, ಅದಕ್ಕೂ ಇವತ್ತೇ ಡಾಕ್ಟರನ್ನ ನೋಡೋಣ, ಲಿವರ್‌ಗೂ ಇವತ್ತೇ ರಕ್ತ ಕೊಡಿ" ಅಂದರು. ಎರಡೂ ಒಂದೇ ದಿನ, ಒಂದೇ ಕಾರಿಡಾರ್. ಒಂದು ಮುಗಿಯಲಿ ಆಮೇಲೆ ಇನ್ನೊಂದು ಅಂತ ಯಾರೂ ಹೇಳಲಿಲ್ಲ.

ಪರೀಕ್ಷೆ ವಿಷಯ ಸ್ವಲ್ಪ ಹೇಳಬೇಕು, ಇದರಲ್ಲೇ ಜನ ಸುಮ್ನೆ ಹೆದರಿ ಕೂರುವುದು. ಮೊದಲು ಮಾಡುವ ಆಂಟಿಬಾಡಿ ಪರೀಕ್ಷೆ ಪಾಸಿಟಿವ್ ಬಂದರೆ ವೈರಸ್ ಈಗ ಒಳಗೆ ಇದೆ ಅಂತಲೇ ಅರ್ಥ ಅಲ್ಲ. ಸೋಂಕು ತಗುಲಿದವರಲ್ಲಿ ಒಂದಷ್ಟು ಜನರಿಗೆ ಮೊದಲ ಆರು ತಿಂಗಳಲ್ಲಿ ಔಷಧಿ ಇಲ್ಲದೆಯೇ ಹೋಗಿಬಿಡುತ್ತದೆ. ಅದಕ್ಕೇ ಎರಡನೇ ಪರೀಕ್ಷೆ, ಆರ್‌ಎನ್‌ಎ ಪರೀಕ್ಷೆ, ವೈರಲ್ ಲೋಡ್ ಅನ್ನುತ್ತಾರೆ. ತಮ್ಮ ಏಳು ತಿಂಗಳು ಬಚ್ಚಿಟ್ಟದ್ದು ಬರೀ ಮೊದಲನೇ ಪರೀಕ್ಷೆಯ ಕಾಗದ. ಎರಡನೆಯದರಲ್ಲಿ ಲಕ್ಷಗಟ್ಟಲೆ ಬಂತು. ಆ ಸಂಖ್ಯೆ ನೋಡಿ ಅವನ ಮುಖ ಬಿಳಿಚಿತು. ಸಂಖ್ಯೆ ದೊಡ್ಡದಿದ್ದರೆ ಲಿವರ್ ಜಾಸ್ತಿ ಹಾಳಾಗಿದೆ ಅಂತ ಅಲ್ಲ ಅಂತ ಡಾಕ್ಟರು ಅಲ್ಲೇ ಹೇಳಿದರು. ಲಿವರ್ ಗಟ್ಟಿಯಾಗಿದೆಯಾ ಅಂತ ಅಂದಾಜು ಮಾಡುವುದಕ್ಕೆ ಬೇರೆ ಲೆಕ್ಕ ಇದೆ, ರಕ್ತದ ಎಎಸ್‌ಟಿ ಮತ್ತು ಪ್ಲೇಟ್‌ಲೆಟ್ ಅಂಕಿ ಹಾಕಿ ಮಾಡುತ್ತಾರೆ. ಅದು ಕಡಿಮೆ ಬಂತು, ಸಿರೋಸಿಸ್ ಇಲ್ಲ ಅಂದರು. ಹೆಪಟೈಟಿಸ್ ಬಿ ಮತ್ತು ಎಚ್‌ಐವಿಗೂ ನೋಡಿದರು, ಎರಡೂ ಇರಲಿಲ್ಲ. ಬಿ ಇದ್ದರೆ ಸಿ ಮಾತ್ರೆ ನುಂಗುವಾಗ ಅದು ಕೆರಳಬಹುದು, ಅದಕ್ಕೇ ಮೊದಲೇ ನೋಡಬೇಕಂತೆ.

ಆಮೇಲೆ ಹಳೇ ಚೀಟಿಗಳನ್ನೆಲ್ಲ ಕೇಳಿದರು. ಕಾರ್ಬಮಾಜೆಪಿನ್ ನೋಡಿ ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಮಾತ್ರೆ ನುಂಗುತ್ತಿದ್ದರೆ ಹೆಪಟೈಟಿಸ್ ಮಾತ್ರೆಯ ಶಕ್ತಿ ರಕ್ತದಲ್ಲಿ ಕಡಿಮೆಯಾಗುತ್ತದೆ, ಚಿಕಿತ್ಸೆ ಸೋಲಬಹುದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಟಿಬಿಗೆ ಕೊಡುವ ರಿಫಾಂಪಿಸಿನ್‌ದೂ ಇದೇ ಕತೆ. ಅವರು ಎದ್ದು ಪಕ್ಕದ ಕೋಣೆಗೆ ಹೋಗಿ ಮನೋವೈದ್ಯರ ಜೊತೆ ಮಾತಾಡಿದರು, ಮನೋವೈದ್ಯರು ಅದನ್ನು ನಿಲ್ಲಿಸಿ, ಖಿನ್ನತೆಗೆ ಎಸಿಟಾಲೊಪ್ರಾಮ್ ಶುರು ಮಾಡಿದರು. ಎರಡು ವಾರ ಬಿಟ್ಟು ಹೆಪಟೈಟಿಸ್ ಮಾತ್ರೆ. ಇಬ್ಬರು ಡಾಕ್ಟರುಗಳು ಪರಸ್ಪರ ಮಾತಾಡಿಕೊಳ್ಳುವುದನ್ನು ನಾನು ಈ ಅಲೆದಾಟದಲ್ಲಿ ನೋಡಿದ್ದು ಆಗ ಒಂದೇ ಸಲ. ಮಾನಸಿಕ ತೊಂದರೆಗೆ ಮಾತ್ರೆ ತೆಗೆದುಕೊಳ್ಳುವವರು ದಯವಿಟ್ಟು ಎಲ್ಲಾ ಚೀಟಿ ತೆಗೆದುಕೊಂಡು ಹೋಗಿ, ಮುಚ್ಚಿಡಬೇಡಿ. ನಾಟಿ ಮದ್ದು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ನಾವು ಹೇಳಿದೆವು, ನಿಲ್ಲಿಸಿ ಅಂದರು, ಬೈಯಲಿಲ್ಲ.

ಡ್ರಗ್ಸ್ ಬಿಟ್ಟರೆ ಮಾತ್ರ ಕೊಡುತ್ತೇವೆ ಅಂತಲೂ ಹೇಳಲಿಲ್ಲ. ನಾಲಿಗೆ ಕೆಳಗೆ ಇಡುವ ಬುಪ್ರೆನಾರ್ಫಿನ್ ಮಾತ್ರೆ ಶುರು ಮಾಡಿದರು, ಅದರಿಂದ ಬೇನೆ, ಬೆವರು, ಎಳೆತ ಎಲ್ಲ ಕಡಿಮೆಯಾಗುತ್ತದೆ. ಅದನ್ನು ದಿನಾ ಕೇಂದ್ರಕ್ಕೇ ಹೋಗಿ ತೆಗೆದುಕೊಳ್ಳಬೇಕಿತ್ತು, ಕೊಡಗಿನಿಂದ ದಿನಾ ಓಡಾಡಲು ಆಗುತ್ತದಾ? ಮೊದಲ ಒಂದೂವರೆ ತಿಂಗಳು ಆ ಊರಿನಲ್ಲೇ ಇರುವ ಚಿಕ್ಕಮ್ಮನ ಮನೆಯಲ್ಲಿ ಇದ್ದ. ಚಿಕ್ಕಮ್ಮ ಇಲ್ಲದವರು ಏನು ಮಾಡಬೇಕು ಅನ್ನುವುದಕ್ಕೆ ಆಸ್ಪತ್ರೆಯವರ ಹತ್ತಿರ ಉತ್ತರ ಇರಲಿಲ್ಲ. ನನ್ನ ಮೊದಲ ದೂರು ಅದೇ.

ಹೆಪಟೈಟಿಸ್ ಮಾತ್ರೆ ಸೋಫೋಸ್ಬುವಿರ್ 400, ಡಕ್ಲಾಟಾಸ್ವಿರ್ 60, ದಿನಕ್ಕೆ ಒಂದೊಂದು, 84 ದಿನ. ಒಂದು ಸಲಕ್ಕೆ 28 ದಿನದ್ದು ಕೊಡುತ್ತಿದ್ದರು. ನಾನು ಒಂದು ನೋಟ್‌ಬುಕ್ಕಿನಲ್ಲಿ 84 ಮನೆ ಗೀಟು ಹಾಕಿದೆ. ಮೊದಲ ಎರಡು ವಾರ ಸ್ವಲ್ಪ ತಲೆನೋವು, ಸುಸ್ತು, ಅಷ್ಟೇ. ಹಳೇ ಇಂಜೆಕ್ಷನ್ ಬಗ್ಗೆ ಯಾರೋ ಹೇಳಿದ ಕತೆ ಕೇಳಿ ಹೆದರಿದ್ದ, ಅಂಥದ್ದು ಏನೂ ಆಗಲಿಲ್ಲ. ಇನ್ನೊಂದು ವಿಷಯ ಡಾಕ್ಟರು ಹೇಳಿದ್ದು ನನಗೆ ಮುಖ್ಯ ಅನ್ನಿಸಿತು, ಈ ವೈರಸ್ಸೇ ಮನುಷ್ಯನನ್ನು ಸುಸ್ತು ಮಾಡುತ್ತದೆ, ಮಂಕು ಕವಿಸುತ್ತದೆ. ಎರಡು ವರ್ಷ ಅವನನ್ನು ಸೋಮಾರಿ ಅಂತ ಬೈದವರಲ್ಲಿ ನಾನೂ ಒಬ್ಬಳು.

ಐದನೇ ವಾರದಲ್ಲಿ ನೋಟ್‌ಬುಕ್ಕಿನಲ್ಲಿ ನಾಲ್ಕು ಮನೆ ಖಾಲಿ. ಅಪ್ಪನ ಜೊತೆ ಫೋನಿನಲ್ಲಿ ಜಗಳವಾಗಿ, ಚಿಕ್ಕಮ್ಮನ ಮನೆ ಬಿಟ್ಟು ಎಲ್ಲೋ ಹೋಗಿ ಚುಚ್ಚಿಕೊಂಡಿದ್ದ. ನಾಲ್ಕು ದಿನ ಮಾತ್ರೆ ಇಲ್ಲ. ಐದನೇ ದಿನ ಸಿಕ್ಕಿದ, ಆದರೆ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. "ಯಾವ ಮುಖ ಇಟ್ಕೊಂಡು ಹೋಗ್ಲಿ ಅಕ್ಕ, ಅಷ್ಟು ಒಳ್ಳೇವರು ಅವರು" ಅಂದ. ನೋಡಿ, ಕೆಟ್ಟ ಜಾಗದಿಂದ ಓಡಿಹೋದದ್ದಕ್ಕೆ ಅವಮಾನ ಕಾರಣ, ಒಳ್ಳೇ ಜಾಗಕ್ಕೆ ವಾಪಸ್ ಹೋಗದೆ ಇರುವುದಕ್ಕೂ ಅವಮಾನವೇ ಕಾರಣ. ಈ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇಂಥ ದಿನಗಳಲ್ಲೇ ಅಂತ ನನಗನ್ನಿಸುತ್ತದೆ. ಮಾತ್ರೆ ಕೈಯಲ್ಲೇ ಇರುತ್ತದೆ, ವಾಪಸ್ ಹೋಗುವ ಧೈರ್ಯ ಇರುವುದಿಲ್ಲ.

ಕೌನ್ಸೆಲರ್‌ಗೆ ಫೋನ್ ಮಾಡಿದೆ. "ಅವರಿಗೆ ಫೋನ್ ಕೊಡಿ" ಅಂದರು. ಏನು ಹೇಳಿದರೋ ಪೂರ್ತಿ ಗೊತ್ತಿಲ್ಲ, ನನಗೆ ಕೇಳಿಸಿದ್ದು "ನಾಲ್ಕು ದಿನ ತಪ್ಪಿದೆ, 80 ದಿನ ಇದೆಯಲ್ಲ" ಅನ್ನುವ ಒಂದು ಮಾತು. ಮರುದಿನ ಹೋದೆವು. ಡಾಕ್ಟರು ಎರಡೆರಡು ಮಾತ್ರೆ ಒಟ್ಟಿಗೆ ನುಂಗಬೇಡ, ಇವತ್ತಿನದು ಇವತ್ತು ನುಂಗು, ಕೊನೆಗೆ ನಾಲ್ಕು ದಿನ ಮುಂದುವರಿಸೋಣ ಅಂದರು. ಡ್ರಗ್ಸ್ ತೆಗೆದುಕೊಳ್ಳುತ್ತಿರುವವರಲ್ಲೂ, ನಡುವೆ ಕೆಲವು ದಿನ ತಪ್ಪಿದವರಲ್ಲೂ ಹೆಚ್ಚಿನವರಿಗೆ ವಾಸಿಯಾಗಿದೆ, ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವ ನಿಯಮ ಇಲ್ಲ ಅಂದರು. ಚುಚ್ಚಿಕೊಳ್ಳುವ ಹಾಗೆ ಆದರೆ ಹೊಸ ಸಿರಿಂಜು ಮಾತ್ರ, ನೀರು ಹತ್ತಿ ಯಾವುದನ್ನೂ ಹಂಚಿಕೊಳ್ಳಬೇಡ ಅಂತಲೂ ಹೇಳಿದರು. ಅದನ್ನು ಕೇಳಿ ಅಪ್ಪನಿಗೆ ಸಿಟ್ಟು ಬಂತು, ಡಾಕ್ಟರೇ ಹೀಗೆ ಹೇಳುತ್ತಾರಾ ಅಂತ. ನನಗೆ ಬರಲಿಲ್ಲ. ನನಗೆ ತಮ್ಮ ಬದುಕಿರಬೇಕು.

ಪೊಲೀಸ್ ಹೆದರಿಕೆ ಬಗ್ಗೆಯೂ ಅಲ್ಲೇ ಕೇಳಿದೆವು. ಡ್ರಗ್ಸ್ ಕೇಸು ಹಾಕುವ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಸ್ವಂತ ಬಳಕೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಇರುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಇದೆ, ಚಿಕಿತ್ಸೆ ಪೂರ್ತಿ ಮಾಡಬೇಕು. ಇದನ್ನು ಗೋಡೆ ಮೇಲೆ ಬರೆದು ಹಾಕಬಾರದಾ ಅಂತ ನಾನು ಕೇಳಿದೆ. ಹಾಕಿಸುತ್ತೇವೆ ಅಂದರು. ನಾನು ಕೊನೆಯ ಸಲ ಹೋದಾಗಲೂ ಹಾಕಿರಲಿಲ್ಲ.

ಅಮ್ಮನ ತಟ್ಟೆಯ ವಿಷಯ ಬಿಟ್ಟೆ. ಎರಡನೇ ತಿಂಗಳು ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಕೌನ್ಸೆಲರ್ ಅಮ್ಮನ ಜೊತೆ ಅರ್ಧ ಗಂಟೆ ಕೂತರು. ಇದು ರಕ್ತದಿಂದ ರಕ್ತಕ್ಕೆ ಹೋಗುವುದು, ಊಟದಿಂದ, ಲೋಟದಿಂದ, ತಬ್ಬಿಕೊಳ್ಳುವುದರಿಂದ, ಕೆಮ್ಮುವುದರಿಂದ ಬರಲ್ಲ, ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಮಾತ್ರ ಬೇರೆ ಇಡಿ ಅಂತ ಹೇಳಿದರು. ಅಮ್ಮ ಏನೂ ಮಾತಾಡಲಿಲ್ಲ. ಬಸ್ಸಿನಲ್ಲಿ ಕುಶಾಲನಗರ ಬರುವ ತನಕ ಕಿಟಕಿ ಕಡೆ ನೋಡುತ್ತಿದ್ದರು. ಮನೆಗೆ ಬಂದು ಅಕ್ಕಿ ರೊಟ್ಟಿ ತಟ್ಟಿದರು, ತಮ್ಮನ ತಟ್ಟೆಗೆ ಹಾಕಿ, ಅದರಲ್ಲೇ ಒಂದು ತುಂಡು ಮುರಿದು ತಾವೂ ತಿಂದರು. "ಉಪ್ಪು ಸರಿ ಇದೆಯಾ ನೋಡು" ಅಂದರು ಅಷ್ಟೇ. ಅವತ್ತು ರಾತ್ರಿ ಆ ಬೇರೆ ಚೊಂಬಿನಲ್ಲಿ ಬಚ್ಚಲಿಗೆ ನೀರು ತುಂಬಿಟ್ಟಿದ್ದರು.

ಕುಡಿತದ ಮಾತು ಕೊಡಗಿನವರಿಗೆ ಹೇಳಲೇಬೇಕು. ನಮ್ಮಲ್ಲಿ ಮದುವೆ, ಹಬ್ಬ, ಸಾವು, ಎಲ್ಲದಕ್ಕೂ ಗ್ಲಾಸ್ ಬರುತ್ತದೆ, ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ. ಲಿವರ್‌ಗೆ ಎರಡು ಕಡೆಯಿಂದ ಏಟು ಬೇಡ ಅಂತ ಡಾಕ್ಟರು ಹೇಳಿದ್ದರು, ಕುಡಿದರೆ ಮಾತ್ರೆ ಕೊಡಲ್ಲ ಅಂತ ಮಾತ್ರ ಹೇಳಲಿಲ್ಲ. ತಮ್ಮ ಮದುವೆ ಮನೆಗಳಿಗೆ ಹೋಗುವುದನ್ನೇ ಒಂದು ವರ್ಷ ಬಿಟ್ಟ. ಈಗ ಗಾಡಿ ಓಡಿಸಬೇಕು ಅಂತ ಹೇಳಿ ತಪ್ಪಿಸಿಕೊಳ್ಳುತ್ತಾನೆ.

ಇನ್ನುಳಿದ ದೂರುಗಳು. ಮನೋವೈದ್ಯರು ವಾರಕ್ಕೆ ಎರಡೇ ದಿನ ಸಿಗುತ್ತಾರೆ, ಮಳೆಗೆ ರಸ್ತೆ ಬಂದ್ ಆಗಿ ಆ ದಿನ ತಪ್ಪಿದರೆ ಮುಂದಿನ ವಾರವೇ. ಆಗಸ್ಟ್‌ನಲ್ಲಿ ನಮಗೆ ಹಾಗೆ ಎರಡು ಸಲ ಆಯಿತು, ಖಿನ್ನತೆ ಮಾತ್ರೆ ಮುಗಿದು ಮೂರು ದಿನ ಅವನು ನಿದ್ದೆ ಮಾಡಲಿಲ್ಲ. ಮಳೆಗಾಲದಲ್ಲಿ ಕೊಡಗಿನವರಿಗೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದಲ್ವಾ? ಔಷಧಿ ಕಿಟಕಿಯಲ್ಲಿ ಒಂದು ಸಲ "ಹೆಪಟೈಟಿಸ್ ಸಿ ಯಾರದ್ದು" ಅಂತ ಜೋರಾಗಿ ಕೇಳಿದರು, ಸಾಲಿನಲ್ಲಿ ಮೂವತ್ತು ಜನ. ಟೋಕನ್ ನಂಬರಿನಿಂದ ಕಟ್ಟಿದ್ದನ್ನೆಲ್ಲ ಆ ಒಂದು ಕೂಗು ಅಲ್ಲಾಡಿಸಿತು, ಅವನು ಬರಿಗೈಲಿ ಹೊರಗೆ ಹೋಗಿ ನಿಂತ, ನಾನು ಹೋಗಿ ತೆಗೆದುಕೊಂಡೆ. ಕೌನ್ಸೆಲಿಂಗ್ ರೂಮಿಗೆ ಬಾಗಿಲು ಇಲ್ಲ, ಹಸಿರು ಪರದೆ ಮಾತ್ರ. ಒಳಗೆ ಮನುಷ್ಯ ತನ್ನ ಜೀವನದ ಅತಿ ಕಷ್ಟದ ಮಾತು ಹೇಳುತ್ತಿರುತ್ತಾನೆ, ಹೊರಗಿನ ಬೆಂಚಿಗೆ ಕೇಳಿಸುತ್ತದೆ. ಹೆಂಗಸರು ಬಂದರೆ ಮಾತಾಡಲು ಹೆಂಗಸು ಕೌನ್ಸೆಲರ್ ಇಲ್ಲ. ಚುಚ್ಚಿಕೊಳ್ಳುವ ಹೆಂಗಸರೂ ಇದ್ದಾರೆ, ಅವರು ಆ ಬೆಂಚಿನ ತನಕವೂ ಬರುತ್ತಿಲ್ಲ.

ಕೋರ್ಸ್ ಮುಗಿದು 12 ವಾರಕ್ಕೆ ಕೊನೆಯ ಆರ್‌ಎನ್‌ಎ ಪರೀಕ್ಷೆ. ಯಾರೂ ನೆನಪು ಮಾಡಲಿಲ್ಲ, ನನ್ನ ನೋಟ್‌ಬುಕ್ಕಿನಲ್ಲಿ ಇತ್ತು, ಹೋದೆವು. ಕಾಫಿ ಕೊಯ್ಲಿನ ಸಮಯ, ರಜೆ ಸಿಗುವುದೇ ಕಷ್ಟ, ಆದರೂ ಹೋದೆವು. ವೈರಸ್ ಪತ್ತೆಯಾಗಿಲ್ಲ ಅಂತ ಬಂತು. ಅವನು ಆ ಕಾಗದವನ್ನು ಎರಡು ಸಲ ಓದಿ ಜೇಬಿಗೆ ಇಟ್ಟುಕೊಂಡ. ಈ ಕಾಗದ ಡ್ಯಾಶ್‌ಬೋರ್ಡಿಗೆ ಹೋಗಲಿಲ್ಲ, ಅಮ್ಮನ ಬೀರುವಿನಲ್ಲಿದೆ.

ಅದಾದ ಮೇಲೆ ಒಂದು ಗಾಬರಿ ಆಯಿತು, ಅದನ್ನೂ ಬರೆಯುತ್ತೇನೆ. ಒಂದು ಕೆಲಸಕ್ಕೆ ಸೇರುವಾಗ ಮೆಡಿಕಲ್ ಮಾಡಿಸಿದರು, ಆಂಟಿಬಾಡಿ ಮತ್ತೆ ಪಾಸಿಟಿವ್. ಅವನು ಎಲ್ಲಾ ಮುಗಿಯಿತು ಅಂತ ಕೂತ. ಆಂಟಿಬಾಡಿ ವಾಸಿಯಾದ ಮೇಲೂ ಉಳಿಯುತ್ತದೆ, ಬಹಳ ಜನರಿಗೆ ಜೀವನಪೂರ್ತಿ ಹಾಗೇ ತೋರಿಸುತ್ತದೆ, ವೈರಸ್ ಇದೆಯಾ ಅಂತ ತಿಳಿಯುವುದಕ್ಕೆ ಆರ್‌ಎನ್‌ಎ ಪರೀಕ್ಷೆಯೇ ಬೇಕು. ಇದನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರೆ ಆ ಎರಡು ರಾತ್ರಿ ಉಳಿಯುತ್ತಿತ್ತು. ನೀವು ಕೇಳಿ ಬರೆಸಿಕೊಳ್ಳಿ.

ಇದಕ್ಕೆ ಲಸಿಕೆ ಇಲ್ಲ, ವಾಸಿಯಾದವರಿಗೂ ಮತ್ತೆ ತಗುಲಬಹುದು. ಆದ್ದರಿಂದ ಜೊತೆಗಿದ್ದವರನ್ನೂ ಕರೆದುಕೊಂಡು ಬಾ ಅಂತ ಕೌನ್ಸೆಲರ್ ಹೇಳಿದ್ದರು. ಆ ಲೈನ್ ಮನೆಯ ನಾಲ್ವರಲ್ಲಿ ಒಬ್ಬ ಊರು ಬಿಟ್ಟಿದ್ದಾನೆ, ಒಬ್ಬ ಮಾತೇ ಆಡುವುದಿಲ್ಲ. ಮೂರನೆಯವನು ಮೂರು ತಿಂಗಳು ಇವತ್ತು ನಾಳೆ ಅಂದು, ಹೋದ ಗುರುವಾರ ಬೆಳಿಗ್ಗೆ ಐದೂಮುಕ್ಕಾಲರ ಬಸ್ಸಿಗೆ ತಮ್ಮನ ಜೊತೆ ಹತ್ತಿದ. ನಾನು ಹೋಗಲಿಲ್ಲ, ಅವರಿಬ್ಬರೇ ಹೋದರು.

ತಮ್ಮ ಖಿನ್ನತೆ ಮಾತ್ರೆ ಇನ್ನೂ ನುಂಗುತ್ತಿದ್ದಾನೆ, ಬುಪ್ರೆನಾರ್ಫಿನ್ ಕೂಡ. ಡಾಕ್ಟರು ಅವಸರ ಬೇಡ ಅಂದಿದ್ದಾರೆ. ನಾಲ್ಕು ಸ್ಟಾರ್ ಕೊಟ್ಟಿದ್ದೇನೆ, ಮನಸ್ಸಿನಿಂದ ಕೊಟ್ಟಿದ್ದೇನೆ. ಆ ಹಸಿರು ಪರದೆ ತೆಗೆದು ಬಾಗಿಲು ಹಾಕಿಸಿದ ದಿನ ಬಂದು ಐದು ಮಾಡುತ್ತೇನೆ.